ತಡಿಯಂಡಮೋಳ್ ತುದಿಯಿಂದ ಕಾಪು ಲೈಟ್‌ಹೌಸ್ ಕಾಣುತ್ತದೆಯೇ?

ಪ್ರಶ್ನೆ: ನಮ್ಮದು ಕೊಡಗಿನ ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಕಡೆ ಕಾಫಿ ತೋಟ. ಮೊನ್ನೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಉಡುಪಿ ಕಡೆಯ ಕಾಪುವಿಗೆ ಹೋಗಿ ಲೈಟ್‌ಹೌಸ್ ಹತ್ತಿ ಬಂದೆವು. 1901ರಲ್ಲಿ ಕಟ್ಟಿದ್ದಂತೆ. ಅಲ್ಲಿ ದೊಡ್ಡ ಬಂದರೇನೂ ಇಲ್ಲ, ಬ್ರಿಟಿಷರು ಅಲ್ಲೇ ಯಾಕೆ ಕಟ್ಟಿದರು? ಕರೆಂಟ್ ಇಲ್ಲದ ಕಾಲದಲ್ಲಿ ಬೆಳಕು ಅಷ್ಟು ದೂರ ಹೇಗೆ ಹೋಗುತ್ತಿತ್ತು? ಮನೆಗೆ ಬಂದು ಹೇಳಿದಾಗ ನಮ್ಮ ಅಜ್ಜ ನಕ್ಕರು. "ಅದಕ್ಕೆ ಅಷ್ಟು ದೂರ ಯಾಕೆ ಹೋದ್ರಿ? ನಾವು ಹುಡುಗರಾಗಿದ್ದಾಗ ತಡಿಯಂಡಮೋಳ್ ಮೇಲಿಂದಲೇ ಲೈಟ್‌ಹೌಸ್ ನೋಡ್ತಿದ್ವಿ" ಅಂದರು. ಇದು ಸಾಧ್ಯವೇ? ಇವತ್ತು ಜಿಪಿಎಸ್ ಇರುವಾಗ ಲೈಟ್‌ಹೌಸ್ ಬೇಕಾ ಎಂದು ಮಗನೂ ಕೇಳುತ್ತಿದ್ದಾನೆ.

ಉತ್ತರ: ಅಜ್ಜನ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ. ನೇರವಾಗಿ ಹೇಳಿಬಿಡುತ್ತೇನೆ. ಅಜ್ಜ ಲೈಟ್‌ಹೌಸ್ ಬೆಳಕು ನೋಡಿರಬಹುದು. ಆದರೆ ಅದು ಕಾಪುವಿನದ್ದಾಗಿರಲಿಕ್ಕಿಲ್ಲ.

ಭೂಮಿ ಗುಂಡಗಿರುವುದರಿಂದ ದೂರದ್ದೆಲ್ಲ ದಿಗಂತದ ಕೆಳಗೆ ಇಳಿದುಹೋಗುತ್ತದೆ. ಎಷ್ಟು ದೂರದವರೆಗೆ ಕಾಣುತ್ತದೆ ಎಂದು ತಿಳಿಯಲು ಸುಲಭದ ಲೆಕ್ಕವೊಂದಿದೆ. ಎತ್ತರವನ್ನು ಮೀಟರ್‌ನಲ್ಲಿ ಹಿಡಿದು ಅದರ ವರ್ಗಮೂಲ ತೆಗೆಯಿರಿ. ಅದನ್ನು 3.86ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಸಮುದ್ರಮಟ್ಟದಿಂದ 36 ಮೀಟರ್ ಎತ್ತರದಲ್ಲಿ ಒಂದು ದೀಪ ಇದೆ ಅಂದುಕೊಳ್ಳಿ. ವರ್ಗಮೂಲ 6, ಹಾಗಾಗಿ ಸುಮಾರು 23 ಕಿಲೋಮೀಟರ್. ನೋಡುವವನು ಹಡಗಿನ ಮೇಲೆ 9 ಮೀಟರ್ ಎತ್ತರದಲ್ಲಿ ನಿಂತಿದ್ದರೆ ಅವನ ಪಾಲಿಗೆ ಇನ್ನೊಂದು 11–12 ಕಿಲೋಮೀಟರ್ ಸೇರುತ್ತದೆ. ಒಟ್ಟು ಸುಮಾರು 35 ಕಿಲೋಮೀಟರ್.

ಈಗ ತಡಿಯಂಡಮೋಳ್‌ಗೆ ಇದೇ ಲೆಕ್ಕ ಹಾಕಿ. ಎತ್ತರ 1,748 ಮೀಟರ್. ಉತ್ತರ ಸುಮಾರು 161 ಕಿಲೋಮೀಟರ್! ಅಲ್ಲಿಂದ ಕಾಪುವಿಗೆ ನೇರ ಗೆರೆ ಎಳೆದರೆ 150 ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಅಂದರೆ ಭೂಮಿಯ ಗುಂಡುತನ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಗಾಳಿ. ದೊಡ್ಡ ಲೈಟ್‌ಹೌಸ್‌ಗಳ ಬೆಳಕು ಸಾಧಾರಣ ಹವೆಯಲ್ಲಿ 20ರಿಂದ 25 ನಾಟಿಕಲ್ ಮೈಲಿ ಮುಟ್ಟುತ್ತದೆ. ಅಂದರೆ 37ರಿಂದ 46 ಕಿಲೋಮೀಟರ್. ಅದಕ್ಕೂ ಆಚೆ ತೇವ, ಧೂಳು, ಉಪ್ಪಿನ ಕಣ ಎಲ್ಲ ಸೇರಿ ಬೆಳಕನ್ನು ನುಂಗಿಹಾಕುತ್ತವೆ. 150 ಕಿಲೋಮೀಟರ್ ಬಿಡಿ, ಅದರ ಅರ್ಧ ದೂರಕ್ಕೆ ಬಂದರೂ ದೊಡ್ಡ ವಿಷಯ.

ಆದರೆ ಅಜ್ಜ ನಿಂತ ಜಾಗದಿಂದ ಸೀದಾ ಪಡುವಣ ದಿಕ್ಕಿಗೆ, ಸ್ವಲ್ಪ ತೆಂಕಕ್ಕೆ ತಿರುಗಿ ನೋಡಿ. ಬೆಟ್ಟ ಇಳಿದರೆ ಕೇರಳ, ಅದರಾಚೆ ಸಮುದ್ರ. ಅಲ್ಲಿ ಏಳಿಮಲೆ ಇದೆ, ಕಣ್ಣೂರು ಇದೆ. ಎರಡೂ ಕಡೆ ಲೈಟ್‌ಹೌಸ್ ಇದೆ. ಎರಡೂ ತಡಿಯಂಡಮೋಳ್‌ನಿಂದ ಹೆಚ್ಚುಕಡಿಮೆ 50 ಕಿಲೋಮೀಟರ್. ಮಳೆ ನಿಂತು ಗಾಳಿ ತೊಳೆದಂತಾಗಿರುವ ಚಳಿಗಾಲದ ರಾತ್ರಿ, ಕೆಳಗೆ ಮಂಜು ಕವಿಯದಿದ್ದರೆ, ಅಷ್ಟು ದೂರದ ಮಿಂಚು ಮಸುಕಾಗಿ ಕಂಡಿರಬಹುದು. ಇದರಲ್ಲೂ ಎರಡು ತೊಡಕುಗಳಿವೆ. ಲೈಟ್‌ಹೌಸ್ ಬೆಳಕನ್ನು ಸಮುದ್ರದ ಮೇಲೆ ಮಟ್ಟಸವಾಗಿ ಬಿಡುತ್ತಾರೆ, ಬೆಟ್ಟದ ತಲೆಗೆ ಗುರಿ ಇಡುವುದಿಲ್ಲ. ಮೇಲೆ ಬರುವುದು ಚೆಲ್ಲಿದ ಬೆಳಕು ಮಾತ್ರ. ಜೊತೆಗೆ ಕೆಲವು ಕಡೆ ಊರಿನವರ ನಿದ್ದೆ ಕೆಡದಿರಲಿ ಎಂದು ನೆಲದ ಕಡೆಯ ಗಾಜಿಗೆ ಮರೆ ಕಟ್ಟುತ್ತಾರೆ. ಅಂಥ ಲೈಟ್‌ಹೌಸ್ ನಮ್ಮ ಕಡೆಗೆ ಕತ್ತಲೆಯೇ.

ಹಾಗಾದರೆ ಅಜ್ಜ ನೋಡಿದ್ದು ಲೈಟ್‌ಹೌಸೋ ಅಥವಾ ಘಟ್ಟ ಹತ್ತುತ್ತಿದ್ದ ಲಾರಿಯ ದೀಪವೋ? ಇದನ್ನು ಅವರನ್ನೇ ಕೇಳಿ ತಿಳಿಯಬಹುದು. ಬೆಳಕು ಸುಮ್ಮನೆ ಇತ್ತಾ, ಅಥವಾ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತಾ? ಬರುವಾಗ ಒಂದೇ ಅಳತೆಯ ಬಿಡುವು ಇರುತ್ತಿತ್ತಾ? ಲಾರಿ ದೀಪ ಜಾಗ ಬದಲಿಸುತ್ತದೆ. ಮೀನು ದೋಣಿಯ ದೀಪ ಸುಮ್ಮನೆ ಉರಿಯುತ್ತದೆ. ಲೈಟ್‌ಹೌಸ್ ಒಂದೇ ತನ್ನ ಜಾಗ ಬಿಡದೆ, ತನ್ನ ಲೆಕ್ಕ ತಪ್ಪದೆ ಮಿಂಚುತ್ತದೆ. "ಒಂದು, ಎರಡು, ಮೂರು ಎಣಿಸೋ ಹೊತ್ತಿಗೆ ಮತ್ತೆ ಬರ್ತಿತ್ತು" ಎಂದು ಅಜ್ಜ ಹೇಳಿದರೆ ನಾನು ಅವರ ಪಕ್ಷ. (ನೀವೇ ರಾತ್ರಿ ಹತ್ತಿ ಪರೀಕ್ಷೆ ಮಾಡಲು ಹೋಗಬೇಡಿ. ಈಗ ಅರಣ್ಯ ಇಲಾಖೆ ರಾತ್ರಿ ಅಲ್ಲಿ ಉಳಿಯಲು ಬಿಡುವುದಿಲ್ಲ.)

ಈ ಎಣಿಕೆಯಲ್ಲೇ ಲೈಟ್‌ಹೌಸಿನ ಮರ್ಮ ಇರುವುದು. ದಡ ಕಾಣಲಿ ಎಂದು ದೀಪ ಹಚ್ಚುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ರಾತ್ರಿ ಬರುವ ನಾವಿಕನಿಗೆ ಎಲ್ಲೋ ದಡ ಇದೆ ಎಂಬುದು ಗೊತ್ತೇ ಇರುತ್ತದೆ. ಇದು ಯಾವ ದಡ ಎಂಬುದು ಅವನಿಗೆ ಬೇಕು. ಮಂಗಳೂರು ಎಂದುಕೊಂಡು ಇನ್ಯಾವುದೋ ಬಂಡೆಯ ಕಡೆ ಹಡಗು ತಿರುಗಿಸಿದರೆ ಮುಗಿಯಿತು. ಅದಕ್ಕೇ ಅಕ್ಕಪಕ್ಕದ ಎರಡು ಲೈಟ್‌ಹೌಸ್‌ಗಳು ಒಂದೇ ರೀತಿ ಮಿಂಚದಂತೆ ನೋಡಿಕೊಳ್ಳುತ್ತಾರೆ. ಒಂದು ಒಂಟಿಯಾಗಿ ಮಿಂಚಿದರೆ ಇನ್ನೊಂದು ಜೋಡಿಯಾಗಿ ಮಿಂಚುತ್ತದೆ. ಒಂದರ ಬಿಡುವು ಉದ್ದ, ಇನ್ನೊಂದರದ್ದು ಗಿಡ್ಡ. ಇದೆಲ್ಲ ನಾವಿಕರ ನಕಾಶೆಯಲ್ಲಿ ಅಚ್ಚಾಗಿರುತ್ತದೆ. ನಾವಿಕ ಗಡಿಯಾರ ಹಿಡಿದು ಎಣಿಸಿ, ನಕಾಶೆಗೆ ಹೋಲಿಸಿ, ಹೆಸರು ಹಿಡಿಯುತ್ತಾನೆ. ಹಗಲಲ್ಲಿ ಇದೇ ಕೆಲಸವನ್ನು ಬಣ್ಣ ಮಾಡುತ್ತದೆ. ಕಾಪುವಿನ ಗೋಪುರಕ್ಕೆ ಕಪ್ಪು ಬಿಳಿ ಪಟ್ಟೆ ನೋಡಿದಿರಲ್ಲ, ಅದು ಅಂದಕ್ಕೆ ಬಳಿದದ್ದಲ್ಲ. ಕೋವಳಂ ಹತ್ತಿರದ ವಿಳಿಂಞಂ ಲೈಟ್‌ಹೌಸ್‌ಗೆ ಕೆಂಪು ಬಿಳಿ ಪಟ್ಟೆ. ಎರಡನ್ನೂ ಯಾರೂ ಅದಲುಬದಲು ಮಾಡಿಕೊಳ್ಳುವುದಿಲ್ಲ.

ಇನ್ನು ಕಾಪುವಿನಲ್ಲೇ ಯಾಕೆ ಎಂಬ ಪ್ರಶ್ನೆ. ಮೇಲೆ ಹೇಳಿದ್ದನ್ನು ಇಟ್ಟುಕೊಂಡು ನೋಡಿದರೆ ಇದು ಸುಲಭ. ಮಂಗಳೂರಿನಿಂದ ಬಡಗಕ್ಕೆ ಮಲ್ಪೆಯವರೆಗೆ ದಡ ಒಂದೇ ಸಮ. ಮರಳು, ತೆಂಗು, ಮರಳು, ತೆಂಗು. ಹಗಲಲ್ಲೇ ಗುರುತು ಹಿಡಿಯುವುದು ಕಷ್ಟ. ಹವೆ ತಿಳಿಯಾಗಿದ್ದರೆ ಹಿಂದಿನ ಘಟ್ಟದ ಶಿಖರಗಳೇ ಗುರುತು. ಕುದುರೆಮುಖವನ್ನು ನೋಡಿ ದಿಕ್ಕು ಹಿಡಿಯುತ್ತಿದ್ದ ನಾವಿಕರಿದ್ದರು. ರಾತ್ರಿ ಅದೂ ಇಲ್ಲ. ಕಾಪುವಿನಲ್ಲಿ ದಡದಲ್ಲೂ ನೀರಿನಲ್ಲೂ ಬಂಡೆಗಳಿವೆ. ಇನ್ನೂ ಬಡಗಕ್ಕೆ ಹೋದರೆ ಮಲ್ಪೆಯ ಮುಂದೆ ಸೇಂಟ್ ಮೇರಿಸ್ ದ್ವೀಪಗಳು. ಹಾಗಾಗಿ ಅಪಾಯವನ್ನೂ ಹೇಳಬೇಕು, ಜಾಗವನ್ನೂ ಹೇಳಬೇಕು. ಎರಡಕ್ಕೂ ಒಳ್ಳೆ ಜಾಗ ದಡದಂಚಿನ ಆ ಬಂಡೆಯೇ. ಕಟ್ಟಲು ಗಟ್ಟಿ ಬುಡ, ಮೇಲಾಗಿ ಪುಕ್ಕಟೆ ಎತ್ತರ. ಅದರ ಮೇಲೆ 27 ಮೀಟರ್‌ನ ಗೋಪುರ ಎದ್ದಿತು. ಬಂದರು ಇರುವ ಕಡೆಯ ದೀಪ ಬಂದರಿಗೆ ಕರೆಯುತ್ತದೆ. ಕಾಪುವಿನಂಥ ದೀಪ ದಾಟಿ ಹೋಗುವವರಿಗೆ. ಕರಾವಳಿಯುದ್ದಕ್ಕೂ ನೋಡಿದರೆ ಬಂದರಿಲ್ಲದ ಕಡೆ ನಿಂತ ಲೈಟ್‌ಹೌಸ್‌ಗಳು ಬೇಕಾದಷ್ಟಿವೆ.

ಯಾರು ದಾಟಿ ಹೋಗುತ್ತಿದ್ದರು? ಇಲ್ಲಿ ಕೊಡಗಿನ ಕಥೆ ಬರುತ್ತದೆ. 1854ರಲ್ಲಿ ಮಡಿಕೇರಿ ಹತ್ತಿರ ಫೌಲರ್ ಎಂಬ ಇಂಗ್ಲಿಷಿನವ ದೊಡ್ಡ ಮಟ್ಟದಲ್ಲಿ ಕಾಫಿ ತೋಟ ಶುರು ಮಾಡಿದ. ಅಲ್ಲಿಂದ ಮುಂದೆ ಕಾಫಿ ಬೆಳೆದದ್ದು ಬೆಟ್ಟದಲ್ಲಿ, ಮಾರಾಟವಾದದ್ದು ಸಮುದ್ರದಾಚೆ. ಇಳಿಯಲು ಇದ್ದದ್ದು ಮುಖ್ಯವಾಗಿ ಎರಡು ದಾರಿ. ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾಟಿ ತಲಶ್ಶೇರಿಗೆ ಒಂದು. ಮಡಿಕೇರಿ, ಸಂಪಾಜೆ, ಸುಳ್ಯ ದಾಟಿ ಮಂಗಳೂರಿಗೆ ಇನ್ನೊಂದು. ಎತ್ತಿನ ಗಾಡಿಯಲ್ಲಿ ಹೋದ ಕಾಫಿ ಅಲ್ಲಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಕಳೆದುಕೊಂಡು, ಜಾತಿ ಬೇರೆಯಾಗಿ, ಮೂಟೆಯಾಗಿ ಹಡಗು ಹತ್ತುತ್ತಿತ್ತು. ಏಲಕ್ಕಿ, ಕರಿಮೆಣಸಿಗೂ ಅದೇ ದಾರಿ. ಕಾಪು ಲೈಟ್‌ಹೌಸ್ ಹೊತ್ತಿದಾಗ ಮಂಗಳೂರಿಗೆ ರೈಲು ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. (ಕೊಡಗಿಗೆ ಇವತ್ತಿಗೂ ಬಂದಿಲ್ಲ, ಆ ಮಾತು ಬೇರೆ.) ಮಂಗಳೂರಿನಿಂದ ಬೊಂಬಾಯಿಗೆ ಸರಕು ಹೋಗಬೇಕೆಂದರೆ ಸಮುದ್ರವೇ ಹೆದ್ದಾರಿ. ಕರಾವಳಿ ಹಿಡಿದು ಓಡಾಡುವ ಸ್ಟೀಮರ್‌ಗಳು, ಹಾಯಿ ಕಟ್ಟಿದ ಪತ್ತೆಮಾರಿಗಳು, ಮಂಜಿಗಳು ಎಲ್ಲ ಕಾಪುವಿನ ಮುಂದೆಯೇ ದಾಟಬೇಕು. ಮಂಗಳೂರು ಹೆಂಚೂ ಹೀಗೇ ಹೋಗುತ್ತಿತ್ತು. ಬಾಸೆಲ್ ಮಿಷನ್ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದೊಂದು ದೊಡ್ಡ ವ್ಯಾಪಾರವಾಯಿತು.

ಆಗಿನ ಮಂಗಳೂರು ಬಂದರು ನೀವು ಈಗ ಪಣಂಬೂರಿನಲ್ಲಿ ನೋಡುವ ಬಂದರಲ್ಲ. ನೇತ್ರಾವತಿ, ಗುರುಪುರ ನದಿಗಳು ಸೇರುವ ಕಡೆಯ ಹಳೆ ಬಂದರ್. ಅಳಿವೆಯಲ್ಲಿ ಮರಳು ದಿಬ್ಬ. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ದೋಣಿಯಲ್ಲಿ ಮೂಟೆ ಸಾಗಿಸಬೇಕು. ಮಳೆಗಾಲದಲ್ಲಂತೂ ಅದೂ ಇಲ್ಲ. ತಲಶ್ಶೇರಿಯದ್ದೂ ಹೆಚ್ಚುಕಡಿಮೆ ಇದೇ ಪಾಡು. ಅಲ್ಲಿ 1708ರ ಕೋಟೆಯ ಮೂಲೆಯಲ್ಲಿ ಒಂದು ಪುಟ್ಟ ಹಳೆ ಲೈಟ್‌ಹೌಸ್ ಇನ್ನೂ ಇದೆ. ಕೊಡಗಿನವರು ತಲಶ್ಶೇರಿಗೆ ಬಿರಿಯಾನಿಗೆಂದೇ ಹೋಗುತ್ತಾರೆ. ಕೋಟೆಗೂ ಒಂದು ಸುತ್ತು ಹಾಕಿದರೆ ನಷ್ಟವಿಲ್ಲ.

ಈಗ ಕರೆಂಟ್ ಇಲ್ಲದ ಕಾಲದ ದೀಪಕ್ಕೆ ಬರೋಣ. ನನ್ನ ಕೆಲಸವೇ ಲೈಟ್‌ಹೌಸ್‌ಗಳಲ್ಲಿ ಇದ್ದದ್ದರಿಂದ ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ದೀಪ ಹಚ್ಚಿದರೆ ಬೆಳಕು ನಾಲ್ಕೂ ಕಡೆ ಚೆಲ್ಲುತ್ತದೆ. ಆಕಾಶಕ್ಕೆ ಹೋದದ್ದು ದಂಡ, ನೆಲಕ್ಕೆ ಬಿದ್ದದ್ದು ದಂಡ. ಸಮುದ್ರದ ಕಡೆ ಮಟ್ಟಸವಾಗಿ ಹೋದ ತೆಳು ಪದರವಷ್ಟೇ ಉಪಯೋಗಕ್ಕೆ ಬರುತ್ತದೆ. ದೊಡ್ಡ ಭೂತಗಾಜು ಇಟ್ಟು ಒಟ್ಟುಮಾಡೋಣ ಎಂದರೆ ಅಷ್ಟು ದಪ್ಪದ ಗಾಜು ಭಾರಕ್ಕೇ ಸೋಲುತ್ತದೆ, ಬೆಳಕನ್ನೂ ತಿನ್ನುತ್ತದೆ. ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಇದಕ್ಕೆ ದಾರಿ ಕಂಡುಹಿಡಿದರು. ಮಸೂರದ ಬಾಗಿದ ಮೈ ಇದ್ದರೆ ಸಾಕು, ಒಳಗಿನ ದಪ್ಪ ಬೇಡ ಎಂದು ಅದನ್ನು ಬಳೆ ಬಳೆಯಾಗಿ ಕತ್ತರಿಸಿ ಜೋಡಿಸಿದರು. ನಡುವೆ ಒಂದು ಗುಂಡು ಮಸೂರ, ಸುತ್ತ ಗಾಜಿನ ಬಳೆಗಳು, ಮೇಲೆ ಕೆಳಗೆ ಪಟ್ಟಕಗಳ ಸಾಲು. ಆಕಾಶಕ್ಕೂ ನೆಲಕ್ಕೂ ಹೋಗುತ್ತಿದ್ದ ಬೆಳಕೆಲ್ಲ ಬಾಗಿ ದಿಗಂತದ ಕಡೆ ತಿರುಗಿತು. 1823ರಲ್ಲಿ ಫ್ರಾನ್ಸಿನ ಕೊರ್ದುಆನ್ ಲೈಟ್‌ಹೌಸ್‌ನಲ್ಲಿ ಇದು ಮೊದಲು ಹೊತ್ತಿತು. ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಎಣ್ಣೆ ಅದೇ, ದೀಪ ಅದೇ, ಆದರೆ ಬೆಳಕು ಹತ್ತಾರು ಮೈಲಿ ಹೋಗತೊಡಗಿತು.

ದೀಪದ ವಿಷಯಕ್ಕೆ ಬಂದರೆ ಮೊದಲು ಬತ್ತಿ. ಆಮೇಲೆ ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿ ಮಾಡಿ ಮ್ಯಾಂಟಲ್ (ಬಿಸಿಗೆ ಬೆಳಗುವ ಜಾಲರಿ ಚೀಲ) ಒಳಗೆ ಉರಿಸುವ ಬರ್ನರ್ ಬಂತು. ನಿಮ್ಮ ಅಟ್ಟದ ಮೇಲೆ ಹಳೆ ಪೆಟ್ರೋಮ್ಯಾಕ್ಸ್ ಇದ್ದರೆ ತೆಗೆದು ನೋಡಿ, ಅದರ ಕೆಲಸವೂ ಇದೇ. ಪಂಪ್ ಹೊಡೆಯುವುದು, ಪಿನ್ ಚುಚ್ಚುವುದು, ಮ್ಯಾಂಟಲ್ ಮುಟ್ಟಿದರೆ ಪುಡಿಯಾಗುವುದು ಎಲ್ಲ ಸೇರಿ. ಮದುವೆ ಮನೆಯಲ್ಲಿ ಪೆಟ್ರೋಮ್ಯಾಕ್ಸ್ ಕೆಟ್ಟರೆ ಜನ ಬೈಯುತ್ತಾರೆ, ಅಷ್ಟೇ. ಲೈಟ್‌ಹೌಸ್‌ನಲ್ಲಿ ಕೆಟ್ಟರೆ ಏನು ಗತಿ ಎಂದು ಯೋಚಿಸಿ. ಅದಕ್ಕೇ ರಾತ್ರಿಯಿಡೀ ಒಬ್ಬರು ಎಚ್ಚರ ಇರಲೇಬೇಕಿತ್ತು. ಪಾಳಿ ಪ್ರಕಾರ ಬದಲಾಗುತ್ತಿದ್ದರು.

ಇನ್ನು ಮಿಂಚು. ದೀಪವನ್ನು ಆರಿಸಿ ಹಚ್ಚಿ ಮಾಡುತ್ತಿದ್ದರು ಅಂತ ಹಲವರು ತಿಳಿದಿದ್ದಾರೆ. ದೀಪ ಒಂದೇ ಸಮ ಉರಿಯುತ್ತಿರುತ್ತದೆ. ತಿರುಗುವುದು ಅದರ ಸುತ್ತ ಇರುವ ಮಸೂರದ ಪಂಜರ. ಪಂಜರದ ಒಂದೊಂದು ಮಗ್ಗುಲಿಂದ ಒಂದೊಂದು ಬೆಳಕಿನ ಕೋಲು ಹೊರಡುತ್ತದೆ. ಪಂಜರ ತಿರುಗಿದಾಗ ಆ ಕೋಲು ನಾವಿಕನ ಕಣ್ಣನ್ನು ಸವರಿ ಹೋಗುತ್ತದೆ. ಅವನಿಗೆ ಅದೇ ಮಿಂಚು. ಮಗ್ಗುಲುಗಳನ್ನು ಸಮವಾಗಿ ಜೋಡಿಸಿದರೆ ಒಂಟಿ ಮಿಂಚು, ಎರಡು ಮೂರನ್ನು ಹತ್ತಿರ ಹತ್ತಿರ ಇಟ್ಟರೆ ಗುಂಪು ಮಿಂಚು. ಲೈಟ್‌ಹೌಸಿನ ಗುಣ ಆ ಗಾಜಿನ ಜೋಡಣೆಯಲ್ಲೇ ಕೂತಿರುತ್ತದೆ. ತಿರುಗುವ ವೇಗ ಸ್ವಲ್ಪ ಹೆಚ್ಚುಕಮ್ಮಿ ಆದರೂ ಸಮುದ್ರದಲ್ಲಿರುವವನಿಗೆ ಅದು ಬೇರೆ ಊರಾಗಿ ಕಾಣಬಹುದು!

ತಿರುಗಿಸಲು ಏನಿತ್ತು? ಗೋಡೆ ಗಡಿಯಾರದಲ್ಲಿ ಇರುವಂಥದ್ದೇ ಯಂತ್ರ, ಗಾತ್ರ ಮಾತ್ರ ದೊಡ್ಡದು. ಸುರುಳಿ ಮೆಟ್ಟಿಲಿನ ನಡುವೆ ಹಲವು ಗೋಪುರಗಳಲ್ಲಿ ಟೊಳ್ಳು ಬಿಟ್ಟಿರುತ್ತಾರೆ. ಅದರಲ್ಲಿ ಭಾರವೊಂದು ನಿಧಾನ ಕೆಳಗಿಳಿಯುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತಿತ್ತು. ಕೆಲವು ಗಂಟೆಗೊಮ್ಮೆ ಕೈಯಿಂದ ಹ್ಯಾಂಡಲ್ ತಿರುವಿ ಭಾರವನ್ನು ಮತ್ತೆ ಮೇಲೆ ಎಳೆಯಬೇಕು. ಯಂತ್ರ ಕೈಕೊಟ್ಟರೆ ದೀಪ ಕಾಯುವ ಕೀಪರ್ ಗಡಿಯಾರ ನೋಡಿಕೊಂಡು ಕೈಯಿಂದಲೇ ಮಸೂರ ತಿರುಗಿಸುತ್ತಾ ಬೆಳಗು ಮಾಡಬೇಕು. ಟನ್‌ಗಟ್ಟಲೆ ಗಾಜು, ಹಿತ್ತಾಳೆ ಹೇಗೆ ತಿರುಗುತ್ತಿತ್ತು ಎಂದರೆ, ದೊಡ್ಡ ಲೈಟ್‌ಹೌಸ್‌ಗಳಲ್ಲಿ ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ಪಾದರಸದ ಮೇಲೆ ಕಬ್ಬಿಣವೂ ತೇಲುತ್ತದೆ. ಅಂಥ ಮಸೂರವನ್ನು ಎರಡು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತಿರುಗುತ್ತದೆ. ನೋಡಲು ಚೆಂದ, ಆದರೆ ಪಾದರಸದ ಆವಿ ವಿಷ. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಅದನ್ನು ಉಸಿರಾಡುವುದು ಒಳ್ಳೆಯದಲ್ಲ ಎಂಬ ಎಚ್ಚರ ತಡವಾಗಿ ಬಂತು.

ಕೀಪರ್ ಕೆಲಸ ಎಂದರೆ ಸಮುದ್ರ ನೋಡುತ್ತಾ ಕೂರುವುದು ಅಂದುಕೊಂಡವರಿಗೆ ನಾನು ಒರೆಸುವ ಬಟ್ಟೆಯ ಕಥೆ ಹೇಳುತ್ತೇನೆ. ಕರಾವಳಿಯ ಗಾಳಿಯಲ್ಲಿ ಉಪ್ಪು. ಮಳೆಗಾಲದಲ್ಲಿ ಒಂದೇ ರಾತ್ರಿಗೆ ಹೊರಗಾಜಿನ ಮೇಲೆ ಮಬ್ಬು ಪದರ ಕೂರುತ್ತದೆ. ಗಾಜು ಮಬ್ಬಾದರೆ ಬೆಳಕಿನ ದೂರ ಕಡಿಮೆ. ಹಾಗಾಗಿ ಬೆಳಗಾದರೆ ಗ್ಯಾಲರಿಗೆ ಬಂದು ಒರೆಸುವುದು, ಆಮೇಲೆ ಒಳಗೆ ಬಂದು ಪಟ್ಟಕ ಪಟ್ಟಕವಾಗಿ ಒರೆಸುವುದು, ಹಿತ್ತಾಳೆ ತಿಕ್ಕುವುದು. ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಬಿಸಿಲು ಏರುವ ಮೊದಲು ಮಸೂರದ ಸುತ್ತ ಪರದೆ ಎಳೆಯಲೇಬೇಕು. ಒಳಗಿನ ಬೆಳಕನ್ನು ಹೊರಗೆ ಕಳಿಸುವ ಗಾಜು ಹೊರಗಿನ ಸೂರ್ಯನನ್ನೂ ಒಳಗೆ ಒಟ್ಟುಮಾಡುತ್ತದೆ. ಮರೆತರೆ ದೀಪದ ಜಾಗಕ್ಕೇ ಬೆಂಕಿ. ಮುಂದಿನ ಸಲ ಯಾವುದಾದರೂ ಲೈಟ್‌ಹೌಸ್‌ನಲ್ಲಿ ಹಗಲು ಪರದೆ ಕಂಡರೆ ಕಾರಣ ನಿಮಗೆ ಗೊತ್ತು.

ನೀವು ಕೇಳದ ಒಂದು ವಿಷಯ ಸೇರಿಸುತ್ತೇನೆ. ಕೊಡಗಿನವರಾಗಿ ನೀವು ನೋಡಬೇಕಾದ ಹಳೆ ಲೈಟ್‌ಹೌಸ್ ಇನ್ನೊಂದಿದೆ. ಅದು ಮಂಗಳೂರಿನ ನಡುಮಧ್ಯೆ, ಬಾವುಟಗುಡ್ಡದ ಮೇಲೆ ಇದೆ. ಸಮುದ್ರದಿಂದ ದೂರ ಇದ್ದರೂ ಗುಡ್ಡದ ಎತ್ತರದಿಂದ ಹಳೆ ಬಂದರಿಗೆ ಬರುವವರಿಗೆ ಅದು ದಾರಿ ತೋರಿಸುತ್ತಿತ್ತು. ಈಗ ಗೋಪುರ ಇದೆ, ದೀಪ ಇಲ್ಲ. ಬಂದರು ಪಣಂಬೂರಿನ ಕಡೆ ಸಾಗಿದಾಗ ದೀಪವೂ ಸಾಗಿತು. 1972ರಲ್ಲಿ ಸುರತ್ಕಲ್ ಲೈಟ್‌ಹೌಸ್ ಬಂತು, 1975ರಲ್ಲಿ ಹೊಸ ಬಂದರಿನ ಉದ್ಘಾಟನೆಯಾಯಿತು. ಬಾವುಟಗುಡ್ಡದ ಗೋಪುರವನ್ನು ಬೋಳೂರಿನ ಸುಲ್ತಾನ್ ಬತ್ತೇರಿ ಜೊತೆ ಕಲಸಿಕೊಳ್ಳಬೇಡಿ. ಬತ್ತೇರಿ 1784ರ ಕಾವಲು ಕಟ್ಟೆ, ಟಿಪ್ಪು ಕಾಲದ್ದು. ಅದಕ್ಕೂ ಲೈಟ್‌ಹೌಸಿಗೂ ಸಂಬಂಧ ಇಲ್ಲ.

ಆ ಗುಡ್ಡಕ್ಕೂ ಕೊಡಗಿಗೂ ಏನು ಸಂಬಂಧ ಅಂದರೆ, 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಘಟ್ಟದ ಕೆಳಗಿನ ಅಮರ ಸುಳ್ಯದ ಭಾಗವನ್ನು ಕೊಡಗಿನಿಂದ ಕಿತ್ತು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಕಂದಾಯವನ್ನು ದುಡ್ಡಿನಲ್ಲೇ ಕಟ್ಟಬೇಕು ಎಂದರು. ರೈತರು ಸಿಡಿದೆದ್ದರು. ಸುಳ್ಯದಿಂದ ಹೊರಟ ದಂಡು ಮಂಗಳೂರು ತಲುಪಿ 1837ರ ಏಪ್ರಿಲ್ 5ರಂದು ಅದೇ ಗುಡ್ಡದ ಮೇಲೆ ತಮ್ಮ ಬಾವುಟ ಏರಿಸಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಕೊನೆಗೆ ಬ್ರಿಟಿಷರು ತಲಶ್ಶೇರಿ, ಕಣ್ಣೂರು ಕಡೆಯಿಂದ ಸೇನೆ ತರಿಸಿ ಅದನ್ನು ಮುರಿದರು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಮಡಿಕೇರಿಯಲ್ಲಿ ಅವರ ಪ್ರತಿಮೆ ನೀವು ನೋಡಿಯೇ ಇರುತ್ತೀರಿ. ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಿಂದ ಬಾವುಟಗುಡ್ಡದಲ್ಲೇ ಇದೆ. ಗುಡ್ಡ ಎತ್ತರದಲ್ಲಿತ್ತು, ಊರಿಗೆಲ್ಲ ಕಾಣುತ್ತಿತ್ತು. ಬಾವುಟಕ್ಕೂ ದೀಪಕ್ಕೂ ಬೇಕಾದದ್ದು ಅಂಥ ಜಾಗವೇ ಅಲ್ವಾ?

ಕೊನೆಗೆ ಮಗನ ಪ್ರಶ್ನೆ. ದೊಡ್ಡ ಹಡಗಿನವರು ಈಗ ಲೈಟ್‌ಹೌಸ್ ನಂಬಿ ಬರುವುದಿಲ್ಲ, ಅದು ನಿಜ. ಹಾಗೆಂದು ಬೇಡ ಎನ್ನುವಂತಿಲ್ಲ. ಉಪಗ್ರಹದ ಸಂಕೇತವನ್ನು ಬೇಕೆಂದೇ ಕೆಡಿಸಬಹುದು, ಸಾಧನ ಕೆಡಬಹುದು, ಬ್ಯಾಟರಿ ಮುಗಿಯಬಹುದು. ಪರದೆ ಮೇಲಿನ ಚುಕ್ಕಿ ಸರಿಯಾಗಿದೆಯಾ ಎಂದು ಕಿಟಕಿಯಿಂದ ಹೊರಗೆ ನೋಡಿ ತಾಳೆ ಹಾಕಲು ಕಣ್ಣಿಗೆ ಒಂದು ಗುರುತು ಬೇಕು. ಸಣ್ಣ ದೋಣಿಯವರಿಗಂತೂ ಈಗಲೂ ಬೇಕು. ಲೈಟ್‌ಹೌಸ್‌ಗಳೂ ಬದಲಾಗಿವೆ. ಹಲವು ಕಡೆ ಎಲ್‌ಇಡಿ, ಸೌರಫಲಕ ಬಂದಿವೆ. ಹಡಗಿನ ರೇಡಾರ್‌ಗೆ ಉತ್ತರ ಕೊಡುವ ಸಾಧನಗಳು, ಯಾವ ಹಡಗು ಎಲ್ಲಿದೆ ಎಂದು ಹಿಡಿಯುವ ರೇಡಿಯೋ ಕೇಂದ್ರಗಳು ಇದೇ ಗೋಪುರಗಳ ಮೇಲೆ ಕೂತಿವೆ. ಕಾನೂನೂ ಬದಲಾಯಿತು. 1927ರ ಲೈಟ್‌ಹೌಸ್ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸದು ಬಂತು. ಖರ್ಚು ಯಾರದ್ದು ಎಂದು ಮಗ ಕೇಳಿದರೆ, ನಮ್ಮ ಬಂದರುಗಳಿಗೆ ಬರುವ ಹಡಗುಗಳಿಂದ ಇದಕ್ಕೆಂದೇ ಶುಲ್ಕ ವಸೂಲು ಮಾಡುತ್ತಾರೆ.

ಮತ್ತೆ ಕಾಪುವಿಗೆ ಹೋಗುವುದಾದರೆ ಈ ಸಲ ಗೋಪುರ ಹತ್ತಿ ಇಳಿದು ಕೂಡಲೇ ಹೊರಡಬೇಡಿ. ಸಂಜೆ ಹೊತ್ತಿಗೆ ಹೋದರೆ ಕತ್ತಲಾಗುವವರೆಗೆ ಕಾಯುವುದೇನೂ ಕಷ್ಟವಲ್ಲ. ಮರಳಿನ ಮೇಲೆ ಕೂತು ಮಕ್ಕಳ ಕೈಗೆ ಮೊಬೈಲಿನ ಸ್ಟಾಪ್‌ವಾಚ್ ಕೊಡಿ. ಎಷ್ಟು ಮಿಂಚು ಸೇರಿ ಒಂದು ಗುಂಪು, ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರುವಾಗಲು ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಲಿ. ಒಂದೇ ಸಲ ಅಳೆದರೆ ಕೈ ತಪ್ಪಿರಬಹುದು, ಐದಾರು ಸುತ್ತು ಅಳೆದು ಭಾಗಿಸಲಿ. ಇನ್ನೊಂದು ದಿನ ಸುರತ್ಕಲ್‌ನಲ್ಲಿ, ಕಣ್ಣೂರಿನಲ್ಲಿ ಇದನ್ನೇ ಮಾಡಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲಿ.